ರೈಲಿನ ಕಿಟಕಿ ಮತ್ತು ಒಂದು ಹಿತ್ತಾಳೆಯ ಖಟಕಾ

ವಿಶ್ವೇಶ್ವರಪುರಂನಿಂದ ಮಿನರ್ವ ವೃತ್ತ ದಾಟಿ, ಜೆ.ಸಿ. ರಸ್ತೆಯುದ್ದಕ್ಕೂ ನಡೆದು ಪುರಭವನ ಮುಟ್ಟಿದರೆ ಅಲ್ಲಿಂದ ಎಸ್.ಜೆ.ಪಿ. ರಸ್ತೆ ದೂರವೇನಲ್ಲ. ಹಳೆಯ ಮೋಟಾರು, ಪಂಪು, ಬೇರಿಂಗು, ಸರಪಳಿಗಳೆಲ್ಲ ರಾಶಿ ಬಿದ್ದಿರುವ ಬೀದಿ ಅದು. ಅಲ್ಲಿನ ಒಂದು ಗುಜರಿ ಅಂಗಡಿಯಲ್ಲಿ ಬೇರೆ ಏನನ್ನೋ ಹುಡುಕುತ್ತಿದ್ದಾಗ ಅಂಗೈಯಗಲದ ಹಿತ್ತಾಳೆಯ ತುಂಡೊಂದು ಕೈಗೆ ಸಿಕ್ಕಿತು. ಒಂದು ಪುಟ್ಟ ಪೆಟ್ಟಿಗೆ, ಅದರಿಂದ ಹೊರಚಾಚಿದ ನಾಲಿಗೆ, ಬೆರಳಿನಿಂದ ಒತ್ತಲು ಒಂದು ಕಿವಿ. ಒತ್ತಿದರೆ ನಾಲಿಗೆ ಒಳಗೆ ಹೋಗುತ್ತದೆ, ಬಿಟ್ಟರೆ 'ಖಟ್' ಎಂದು ಹೊರಬರುತ್ತದೆ.

"ಏನು ಚಾಚಾ ಇದು?" ಎಂದೆ.

"ರೈಲು ಕಿಟಕೀದು ಖಟಕಾ ಸಾಬ್. ಹಳೇ ಬೋಗಿ ಹರಾಜಿನ ಮಾಲು. ಈಗಿನ ರೈಲಲ್ಲಿ ಇದೆಲ್ಲಿ ಬರುತ್ತೆ?" ಎಂದು ಅವರು ನಕ್ಕರು.

ಖಟಕಾ ಎಂಬುದು ಉರ್ದು ಮಾತು. ಚಿಲಕಕ್ಕೂ ಅದೇ ಹೆಸರು, ಅದರ ಸದ್ದಿಗೂ ಅದೇ ಹೆಸರು. ತೂಕದ ಲೆಕ್ಕದಲ್ಲಿ ಹಣ ಕೊಟ್ಟು ಅದನ್ನು ಮನೆಗೆ ತಂದೆ. ಅಂದಿನಿಂದ ಅದು ನನ್ನ ಮೇಜಿನ ಮೇಲಿದೆ. ಅದನ್ನು ಒತ್ತಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ನಾವು ರೈಲಿನ ಇತಿಹಾಸ ಬರೆಯುವಾಗ ಇಂಜಿನ್, ಸೇತುವೆ, ಸುರಂಗಗಳ ಬಗ್ಗೆ ಬರೆಯುತ್ತೇವೆ. ವೈಸರಾಯ್‌ಗಳ, ದಿವಾನರ ಬಗ್ಗೆ ಬರೆಯುತ್ತೇವೆ. ಆದರೆ ಕಿಟಕಿಯ ಪಕ್ಕ ಕುಳಿತ ಸಾಮಾನ್ಯ ಪ್ರಯಾಣಿಕನಿಗೆ ಆ ಇಡೀ ಗಾಡಿಯಲ್ಲಿ ಸಿಕ್ಕಿದ್ದ ಅಧಿಕಾರವೆಷ್ಟು? ಗಾಡಿ ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಜನರನ್ನು ತುಂಬಬೇಕು ಎಂಬ ಯಾವುದನ್ನೂ ಅವನನ್ನು ಕೇಳಿ ತೀರ್ಮಾನಿಸುವುದಿಲ್ಲ. ಅವನ ಕೈಗೆ ಬಿಟ್ಟಿದ್ದು ಒಂದೇ: ಕಿಟಕಿ ತೆರೆದಿರಬೇಕೋ, ಮುಚ್ಚಿರಬೇಕೋ ಎಂಬುದು. ಆ ಅಧಿಕಾರ ಈ ಖಟಕಾದಲ್ಲಿತ್ತು.

ಗುರುತ್ವದ ಜೊತೆ ಒಂದು ಒಪ್ಪಂದ

ಮನೆಯ ಕಿಟಕಿಯನ್ನು ತೆರೆದಿಡುವುದು ಕಷ್ಟದ ಕೆಲಸವಲ್ಲ. ಬಾಗಿಲು ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಒಂದು ಕೊಕ್ಕೆ ಸಿಕ್ಕಿಸಿದರೆ ಮುಗಿಯಿತು. ರೈಲಿನಲ್ಲಿ ಹಾಗಲ್ಲ. ಹೊರಕ್ಕೆ ತೆರೆದರೆ ಕಂಬಕ್ಕೋ ಎದುರು ಗಾಡಿಗೋ ಬಡಿದೀತು. ಒಳಕ್ಕೆ ತೆರೆದರೆ ಕುಳಿತವರ ತಲೆಗೆ ಬಡಿದೀತು. ಹಾಗಾಗಿ ರೈಲಿನ ಕಿಟಕಿ ಮೇಲಕ್ಕೋ ಕೆಳಕ್ಕೋ ಜಾರಬೇಕು. ಜಾರುವ ವಸ್ತುವನ್ನು ಭೂಮಿ ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಜೊತೆಗೆ ಗಾಡಿಯ ಕುಲುಕಾಟ. ಹಳಿಯ ಪ್ರತಿ ಜೋಡಣೆಯ ಮೇಲೂ ಚಕ್ರ ಹಾರಿ ಬೀಳುತ್ತದೆ. ಬಿಗಿಯಾಗಿ ಕೂತಿದೆ ಎಂದುಕೊಂಡದ್ದೂ ಆ ಕುಲುಕಾಟಕ್ಕೆ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ.

ಇದಕ್ಕೆ ಖಟಕಾದ ಉತ್ತರ ಬಹಳ ಸರಳ. ಚೌಕಟ್ಟಿನ ಬದಿಯಲ್ಲಿ ಕಚ್ಚುಗಳಿರುತ್ತವೆ. ಕಿಟಕಿಯ ಅಂಚಿನಲ್ಲಿರುವ ನಾಲಿಗೆಯನ್ನು ಒಳಗಿನ ಸ್ಪ್ರಿಂಗ್ ಸದಾ ಹೊರಕ್ಕೆ ನೂಕುತ್ತಿರುತ್ತದೆ. ಕಚ್ಚಿನ ಎದುರು ಬಂದ ಕೂಡಲೇ ನಾಲಿಗೆ ಅದರೊಳಗೆ ಹೊಕ್ಕು ಕೂರುತ್ತದೆ. ಆಮೇಲೆ ಕಿಟಕಿಯ ಭಾರ ನಾಲಿಗೆಯ ಅಡ್ಡಕ್ಕೆ ಬೀಳುತ್ತದೆಯೇ ಹೊರತು ಸ್ಪ್ರಿಂಗಿನ ಮೇಲಲ್ಲ. ಎಷ್ಟೇ ಕುಲುಕಿದರೂ ಬೆರಳು ಒತ್ತದೆ ಅದು ಬಿಡುವುದಿಲ್ಲ. ಹಿಡಿದಿಡಲು ಬಲ ಬೇಡ, ಬಿಡಿಸಲು ಮಾತ್ರ ಮನುಷ್ಯ ಬೇಕು. ಇಷ್ಟೇ ಅದರ ವಿದ್ಯೆ.

ವಿಶ್ವೇಶ್ವರಪುರಂಗೆ ಹೆಸರು ಕೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ವಿದ್ಯೆ ಬಹುಶಃ ಮೆಚ್ಚುಗೆಯಾಗುತ್ತಿತ್ತು. ದಿವಾನರಾಗುವ ಮೊದಲು, ಮುಂಬಯಿ ಪ್ರಾಂತ್ಯದಲ್ಲಿ ಇಂಜಿನಿಯರ್ ಆಗಿದ್ದಾಗ, ಅವರು ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ರೂಪಿಸಿದ್ದರು. 1903ರಲ್ಲಿ ಅಳವಡಿಸಿದ ಆ ಬಾಗಿಲುಗಳು ನೀರು ಒಂದು ಮಟ್ಟ ಮೀರಿದರೆ ತೆರೆದುಕೊಳ್ಳುತ್ತಿದ್ದವು, ಇಳಿದರೆ ಮುಚ್ಚಿಕೊಳ್ಳುತ್ತಿದ್ದವು. ಅಲ್ಲಿ ಕಾವಲುಗಾರ ಬೇಕಿರಲಿಲ್ಲ. ರೈಲು ಕಿಟಕಿಯ ಖಟಕಾ ಆ ದೊಡ್ಡ ವಿದ್ಯೆಯ ಬಡ ನೆಂಟ. ವ್ಯತ್ಯಾಸ ಒಂದೇ: ಜಲಾಶಯದ ಬಾಗಿಲಿಗೆ ಮನುಷ್ಯನ ಕೈ ಬೇಡವಾಗಬೇಕಿತ್ತು, ಕಿಟಕಿಯ ಖಟಕಾ ಮನುಷ್ಯನ ಕೈಗಾಗಿಯೇ ಹುಟ್ಟಿತ್ತು.

ಚರ್ಮದ ಪಟ್ಟಿಯ ಕಾಲ

ಖಟಕಾಕ್ಕಿಂತ ಮೊದಲು ಪಟ್ಟಿ ಇತ್ತು. ಇಂಗ್ಲೆಂಡಿನ ಹಳೆಯ ರೈಲುಗಾಡಿಗಳಲ್ಲಿ ಬಾಗಿಲಿನ ಗಾಜು ಕೆಳಕ್ಕೆ, ಬಾಗಿಲಿನ ಹೊಟ್ಟೆಯೊಳಗೆ ಇಳಿಯುತ್ತಿತ್ತು. ಗಾಜಿನ ತಳಕ್ಕೆ ಅಗಲವಾದ ಚರ್ಮದ ಪಟ್ಟಿ. ಪಟ್ಟಿಯುದ್ದಕ್ಕೂ ನಮ್ಮ ಸೊಂಟದ ಬೆಲ್ಟಿನಂತೆ ತೂತುಗಳು. ಪಟ್ಟಿ ಎಳೆದು ಬೇಕಾದ ತೂತನ್ನು ಬಾಗಿಲಿನ ಗುಬುಟಿಗೆ ಸಿಕ್ಕಿಸಿದರೆ ಗಾಜು ಅಷ್ಟೇ ಎತ್ತರದಲ್ಲಿ ನಿಲ್ಲುತ್ತಿತ್ತು. ಕುದುರೆ ಸಾರೋಟಿನಿಂದ ರೈಲಿಗೆ ಬಂದ ಉಪಾಯ ಅದು. ಒಳ್ಳೆಯ ಚರ್ಮವಾದ್ದರಿಂದ ಕ್ಷೌರದ ಕತ್ತಿ ಮಸೆಯಲು ಜನ ಅದನ್ನು ಕೊಯ್ದುಕೊಂಡು ಹೋಗುತ್ತಿದ್ದರಂತೆ!

ಆದರೆ ಈ ಪಟ್ಟಿ, ಗಾಜು ಎಲ್ಲವೂ ಮೊದಲಿಗೆ ಉಳ್ಳವರ ಸೊತ್ತು. ಆರಂಭದ ದಿನಗಳಲ್ಲಿ ಇಂಗ್ಲೆಂಡಿನಲ್ಲೂ ಬಡವರು ಮಾಡಿಲ್ಲದ ತೆರೆದ ಬಂಡಿಗಳಲ್ಲಿ ನಿಂತೇ ಪ್ರಯಾಣ ಮಾಡಿದ್ದುಂಟು. 1844ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ, ದಿನಕ್ಕೆ ಒಂದಾದರೂ ಗಾಡಿಯಲ್ಲಿ ಮೂರನೇ ದರ್ಜೆಯವರಿಗೆ ಮೈಲಿಗೆ ಒಂದು ಪೆನ್ನಿ ದರದಲ್ಲಿ ಆಸನ ಮತ್ತು ಮಳೆಗಾಳಿಯಿಂದ ರಕ್ಷಣೆ ಇರಬೇಕು ಎಂದು ಕಂಪೆನಿಗಳಿಗೆ ತಾಕೀತು ಮಾಡಬೇಕಾಯಿತು. ಕಂಪೆನಿಗಳು ಮಾಡು ಹಾಕಿದವು, ಗೋಡೆ ಕಟ್ಟಿದವು. ಮಳೆಯಿಂದ ರಕ್ಷಣೆಯೇನೋ ಸಿಕ್ಕಿತು. ಆದರೆ ಗಾಳಿ ಬೆಳಕು ಬೇಕು ಎಂದರೆ ಇನ್ನಷ್ಟು ವರ್ಷ ಕಾಯಬೇಕಾಯಿತು. ಬಡವನಿಗೆ ಮೊದಲು ಗೋಡೆ ಬರುತ್ತದೆ, ಕಿಟಕಿ ಆಮೇಲೆ.

ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ರೈಲು ಕಿಟಕಿಯ ಕೊಕ್ಕೆಗಳಿಗಾಗಿಯೇ ಅನೇಕರು ಪೇಟೆಂಟ್ ಪಡೆದರು. ಇಂಥ ಸಣ್ಣ ವಸ್ತುವಿನ ಬಗ್ಗೆ ಅಷ್ಟು ಜನ ತಲೆ ಕೆಡಿಸಿಕೊಂಡಿದ್ದೇಕೆ? ಕಿಟಕಿ ಎತ್ತಲಾಗದೆ, ಎತ್ತಿದ್ದು ನಿಲ್ಲದೆ ಪ್ರಯಾಣಿಕರು ಪಡುತ್ತಿದ್ದ ಪಾಡೇ ಅದಕ್ಕೆ ಕಾರಣ. ಮುಂದೆ 1920ರಲ್ಲಿ ಬಾಲ್ಟಿಮೋರ್ ಅಂಡ್ ಓಹಾಯೋ ರೈಲ್ವೆಗೆ ಸೇರಿದ ಆಲಿವ್ ಡೆನಿಸ್ ಎಂಬ ಮಹಿಳಾ ಇಂಜಿನಿಯರ್ ಕಿಟಕಿಯ ಚೌಕಟ್ಟಿನಲ್ಲೇ ಕೂರುವ ಗಾಳಿಗಂಡಿಯೊಂದನ್ನು ರೂಪಿಸಿ ಪೇಟೆಂಟ್ ಪಡೆದರು. ಕುಳಿತ ಪ್ರಯಾಣಿಕರೇ ತಮಗೆ ಬೇಕಾದಷ್ಟು ಗಾಳಿ ಬಿಟ್ಟುಕೊಳ್ಳುವಂತೆ ಅದನ್ನು ಮಾಡಲಾಗಿತ್ತು. ರೈಲಿನಲ್ಲಿ ಸಾಮಾನ್ಯರ ಜೊತೆ ಕುಳಿತು ಸಾವಿರಾರು ಮೈಲಿ ಸುತ್ತಿ ಅವರ ಕಷ್ಟ ತಿಳಿದುಕೊಳ್ಳುವುದೇ ಆಕೆಯ ಕೆಲಸದ ಭಾಗವಾಗಿತ್ತು.

ಮೈಸೂರು ಸೀಮೆಗೆ ರೈಲು

ಭಾರತದಲ್ಲಿ ಮೊದಲ ಪ್ರಯಾಣಿಕ ರೈಲು ಓಡಿದ್ದು 1853ರ ಏಪ್ರಿಲ್ 16ರಂದು, ಮುಂಬಯಿಯಿಂದ ಠಾಣೆಗೆ. ಬೆಂಗಳೂರಿನ ದಂಡು ಪ್ರದೇಶಕ್ಕೆ ಜೋಲಾರಪೇಟೆಯ ಕಡೆಯಿಂದ ರೈಲು ಬಂದದ್ದು 1864ರಲ್ಲಿ. ಬೆಂಗಳೂರು–ಮೈಸೂರು ನಡುವಿನ ಮೀಟರ್ ಗೇಜ್ ಹಾದಿ 1882ರಲ್ಲಿ ಪೂರ್ಣಗೊಂಡಿತು. ಆ ಹಾದಿಯ ಮಣ್ಣಿನ ಕೆಲಸದ ಹಿಂದೆ 1876–78ರ ಭೀಕರ ಬರವಿದೆ. ಲಕ್ಷಾಂತರ ಜನ ಸತ್ತ ಆ ಕಾಲದಲ್ಲಿ ಹಸಿದವರಿಗೆ ಕೂಲಿ ಕೊಡಲು ಕೈಗೊಂಡ ಕಾಮಗಾರಿಗಳಲ್ಲಿ ಇದೂ ಒಂದು. ಹೊಟ್ಟೆಗಿಲ್ಲದೆ ಮಣ್ಣು ಹೊತ್ತವರ ಮಕ್ಕಳು ಮುಂದೆ ಅದೇ ಹಾದಿಯಲ್ಲಿ ಮೂರನೇ ದರ್ಜೆಯ ಹಲಗೆಯ ಮೇಲೆ ಕುಳಿತು ಪ್ರಯಾಣ ಮಾಡಿದರು.

ಹಿಂದೂಸ್ಥಾನದ ಸೆಖೆಗೆ ಇಂಗ್ಲೆಂಡಿನ ಕಿಟಕಿ ಸಾಲಲಿಲ್ಲ. ಗಾಜು ಒಂದೇ ಇದ್ದರೆ ಮುಚ್ಚಿದಾಗ ಒಲೆ, ತೆರೆದಾಗ ಧೂಳು. ಆದ್ದರಿಂದ ಇಲ್ಲಿ ಪಟ್ಟಿಪಟ್ಟಿಯಾಗಿ ಓರೆ ಜೋಡಿಸಿದ ಮರದ ಕಿಟಕಿ ಬಂತು. ಬೆಳಕನ್ನು ತಡೆದು ಗಾಳಿಯನ್ನು ಒಳಬಿಡುವ ಈ ಕಿಟಕಿಗೆ 'ಜಿಲ್‌ಮಿಲ್' ಎಂಬ ಚೆಂದದ ಹೆಸರು. ಮಿಣುಕುವ ಬೆಳಕಿಗೂ ಅದೇ ಮಾತು. ದೊರೆಗಳ ದರ್ಜೆಯಲ್ಲಿ ಗಾಜು, ಜಿಲ್‌ಮಿಲ್, ಸೊಳ್ಳೆ ತಡೆಯಲು ತಂತಿ ಬಲೆ ಎಂದು ಮೂರು ಪದರ. ಬೇಸಗೆಯಲ್ಲಿ ಅವರ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವ ವ್ಯವಸ್ಥೆ ಬೇರೆ. ಮೂರನೇ ದರ್ಜೆಯವರಿಗೆ ಇವೆಲ್ಲ ಎಲ್ಲಿಯದು? ಸಿಕ್ಕಿದ್ದು ಒಂದು ಮರದ ಪದರ. ಅದಕ್ಕೊಂದು ಖಟಕಾ.

ಆ ಒಂದು ಪದರವನ್ನು ಯಾವಾಗ ಇಳಿಸಬೇಕು, ಯಾವಾಗ ಏರಿಸಬೇಕು ಎಂಬುದೂ ಒಂದು ಕಲೆಯಾಗಿತ್ತು. ಕಲ್ಲಿದ್ದಲ ಇಂಜಿನ್ನಿನ ಕಾಲ. ಗಾಳಿ ಬೇಕೆಂದು ಕಿಟಕಿ ತೆರೆದರೆ ಕಿಡಿ, ಕರಿ, ಬೂದಿ ಕಣ್ಣಿಗೆ ಬೀಳುತ್ತಿತ್ತು. ಬಿಳಿ ಬಟ್ಟೆ ತೊಟ್ಟು ಹೊರಟವರು ಊರು ತಲುಪುವಾಗ ಕಮ್ಮಾರನಂತೆ ಇಳಿಯುತ್ತಿದ್ದರು. ಇಂಜಿನ್ ದಿಕ್ಕಿಗೆ ಬೆನ್ನು ಹಾಕಿ ಕೂರಬೇಕು ಎಂಬ ಹಿರಿಯರ ಬುದ್ಧಿವಾದ ಆ ಕಾಲದ್ದು. ಮಳೆ ಬಂದರೆ ಇಡೀ ಬೋಗಿಯಲ್ಲಿ ಒಂದರ ಹಿಂದೊಂದು ಖಟಖಟ ಸದ್ದು. ಮಳೆ ನಿಂತ ಮೇಲೆ ಮತ್ತೆ ಅದೇ ಸದ್ದು. ಮುಂದೆ 1979ರಲ್ಲಿ ಹಾಸನ–ಮಂಗಳೂರು ಹಾದಿ ತೆರೆದಾಗ, ಸಕಲೇಶಪುರದಿಂದ ಸುಬ್ರಹ್ಮಣ್ಯದ ಘಟ್ಟದಲ್ಲಿ 57 ಸುರಂಗಗಳನ್ನು ದಾಟುವವರಿಗೂ ಈ ಸದ್ದು ಪರಿಚಿತವಾಯಿತು.

ಹೆಂಗಸರ ಡಬ್ಬಿ

ಕಿಟಕಿಯ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮವಾಗಿದ್ದದ್ದು ಹೆಣ್ಣುಮಕ್ಕಳ ವಿಷಯದಲ್ಲಿ. ಪರದೆಯ ಪದ್ಧತಿ ಮುಸ್ಲಿಮರಲ್ಲಿ ಮಾತ್ರವಲ್ಲ, ಅನೇಕ ಮೇಲ್ಜಾತಿ ಹಿಂದೂ ಮನೆತನಗಳಲ್ಲೂ ಇತ್ತು. 'ಅಪರಿಚಿತರ ಜೊತೆ ಒಂದೇ ಡಬ್ಬಿಯಲ್ಲಿ ನಮ್ಮ ಹೆಣ್ಣುಮಕ್ಕಳು ಹೇಗೆ ಕೂರುವುದು?' ಎಂಬ ಆತಂಕ ಎಲ್ಲ ಕಡೆ ಇತ್ತು. 1890ರ ರೈಲ್ವೆ ಕಾಯ್ದೆ ಇದಕ್ಕೆ ಉತ್ತರ ಕೊಟ್ಟಿತು. 1891ರ ಜನವರಿ 1ರಿಂದ ಪ್ರತಿ ಪ್ರಯಾಣಿಕ ಗಾಡಿಯಲ್ಲೂ ಅತ್ಯಂತ ಕೆಳ ದರ್ಜೆಯ ಒಂದು ಡಬ್ಬಿಯಾದರೂ ಹೆಂಗಸರಿಗೇ ಮೀಸಲಿರಬೇಕು, 50 ಮೈಲಿಗಿಂತ ಹೆಚ್ಚು ದೂರ ಹೋಗುವ ಗಾಡಿಯಾದರೆ ಅಂಥ ಡಬ್ಬಿಯಲ್ಲಿ ಶೌಚಾಲಯವೂ ಇರಬೇಕು ಎಂದು ಅದು ವಿಧಿಸಿತು. ಕೆಳ ದರ್ಜೆಯ ಗಂಡಸರಿಗೆ ಆ ಸೌಲಭ್ಯ ಇಲ್ಲದಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಆ ಡಬ್ಬಿಯೊಳಗೆ ಜಿಲ್‌ಮಿಲ್ ಹೆಂಗಸರ ಕೈಯಲ್ಲಿತ್ತು. ನಿಲ್ದಾಣ ಬಂದಾಗ ಮುಚ್ಚಿದ ಕಿಟಕಿ, ಊರು ದಾಟಿ ಹೊಲಗದ್ದೆಗಳ ನಡುವೆ ಬಂದಾಗ ತೆರೆದುಕೊಳ್ಳುತ್ತಿತ್ತು. ಮನೆಯ ಕಿಟಕಿಯಲ್ಲಿ ನಿಲ್ಲಲು ಸಂಕೋಚಪಡುತ್ತಿದ್ದ ಹೆಣ್ಣುಮಗಳು ರೈಲಿನ ಕಿಟಕಿ ತೆರೆದು ಮುಖಕ್ಕೆ ಗಾಳಿ ಒಡ್ಡಿ ಕುಳಿತಿದ್ದನ್ನು ಕಲ್ಪಿಸಿಕೊಳ್ಳಿ. ಹೊರಗಿನವರ ಕಣ್ಣು ಎಲ್ಲಿಯವರೆಗೆ ಬರಬೇಕು, ತನ್ನ ಕಣ್ಣು ಎಲ್ಲಿಯವರೆಗೆ ಹೋಗಬೇಕು ಎಂಬುದನ್ನು ಅಲ್ಲಿ ಅವಳೇ ತೀರ್ಮಾನಿಸಬಹುದಿತ್ತು. ರೈಲು ನಮ್ಮ ಹೆಣ್ಣುಮಕ್ಕಳನ್ನು ಹೊರಜಗತ್ತಿಗೆ ಕರೆತಂದಿತು ಎನ್ನುತ್ತೇವೆ. ಆ ಹೊರಜಗತ್ತಿನ ಮೊದಲ ನೋಟ ಸಿಕ್ಕಿದ್ದು ಕಿಟಕಿಯಲ್ಲಿ.

ಪ್ಲೇಗು ಕಲಿಸಿದ ಪಾಠ

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಹುಬ್ಬಳ್ಳಿಯ ಕಡೆಯಿಂದ, ರೈಲಿನ ಮೂಲಕವೇ ಬಂತು ಎನ್ನುತ್ತದೆ ಇತಿಹಾಸ. ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ನಡೆಯಿತು. ಇಕ್ಕಟ್ಟಾದ ಪೇಟೆಯ ಗಲ್ಲಿಗಳಲ್ಲಿ ಸಾವು ಮನೆಮನೆ ಹೊಕ್ಕಿತು. ಆ ಅನುಭವದ ನಂತರ ಊರನ್ನು ಹೊಸದಾಗಿ ಯೋಚಿಸಬೇಕಾಯಿತು. ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದದ್ದು ಹೀಗೆ. ಅಗಲ ರಸ್ತೆ, ಮನೆಗಳ ಹಿಂದೆ ಕೊಳೆ ಸಾಗಿಸುವ ಓಣಿ, ಪ್ರತಿ ಮನೆಗೂ ಗಾಳಿ ಬೆಳಕು. ಬಸವನಗುಡಿಗೆ ಅಂಟಿಕೊಂಡೇ ಬೆಳೆದ ವಿಶ್ವೇಶ್ವರಪುರಂನ ಹಳೆಯ ಮನೆಗಳಲ್ಲೂ ಇದೇ ಯೋಚನೆ ಕಾಣುತ್ತದೆ. ಎತ್ತರದ ಮಾಡು, ಎದುರುಬದುರು ಕಿಟಕಿ, ಕಿಟಕಿಗೆ ಉದ್ದನೆಯ ಕಬ್ಬಿಣದ ಕೊಕ್ಕೆ. ಇಂಥ ಮನೆಗಳು ಈಗ ಬೆರಳೆಣಿಕೆಯಷ್ಟೇ ಉಳಿದಿವೆ.

ಗಾಳಿ ಎಂಬುದು ಐಷಾರಾಮವಲ್ಲ, ಆರೋಗ್ಯ ಎಂಬ ಪಾಠವನ್ನು ಊರು ಕಲಿಯಿತು. ಆದರೆ ಅದೇ ಊರಿನ ನಿಲ್ದಾಣದಿಂದ ಹೊರಡುವ ಮೂರನೇ ದರ್ಜೆಯ ಗಾಡಿ ಆ ಪಾಠ ಕಲಿತಿತ್ತೇ?

ಇದಕ್ಕೆ ಸಾಕ್ಷಿ ಹೇಳಿದವರು ಗಾಂಧೀಜಿ. 1917ರ ಸೆಪ್ಟೆಂಬರ್‌ನಲ್ಲಿ ಮೂರನೇ ದರ್ಜೆಯ ಪ್ರಯಾಣದ ಬಗ್ಗೆ ಅವರು ಬರೆದ ಲೇಖನದಲ್ಲಿ ಮುಂಬಯಿಯಿಂದ ಮದರಾಸಿಗೆ ಹೋದ ಪ್ರಯಾಣದ ವಿವರಗಳಿವೆ. 22 ಮಂದಿ ಎಂದು ಬರೆದಿದ್ದ ಡಬ್ಬಿ ಅದು. ನಮ್ಮ ರಾಯಚೂರು ದಾಟಿದ ಮೇಲೆ ನೂಕುನುಗ್ಗಲು ಸಹಿಸಲಾಗದಂತಾಯಿತು, ರಾತ್ರಿಯ ಬಹುಭಾಗ 35 ಮಂದಿ ಅದರಲ್ಲಿದ್ದರು ಎನ್ನುತ್ತಾರೆ ಅವರು. ಅಲ್ಲಿ ಒಬ್ಬ ಮೇಮನ್ ವ್ಯಾಪಾರಿ ಇದ್ದರು. ರೈಲಿನಲ್ಲಿ ಅದು ಅವರಿಗೆ ಐದನೇ ರಾತ್ರಿ. ಹೀಗೆ ಮನುಷ್ಯರನ್ನು ತುರುಕುವುದು ಸರಿಯಲ್ಲ ಎಂದು ಆ ವ್ಯಾಪಾರಿ ಎದ್ದು ಪ್ರತಿಭಟಿಸಿದರು. ಗಾರ್ಡ್ ಅವರನ್ನು ಅವಮಾನಿಸಿ, ಮೇಲಿನವರಿಗೆ ದೂರು ಕೊಡಿ ಎಂದು ಹೋದ. ಮೊದಲ ದರ್ಜೆಯ ಟಿಕೆಟ್ಟಿನ ಬೆಲೆ ಮೂರನೆಯದರ ಐದು ಪಟ್ಟಿಗೂ ಹೆಚ್ಚು. ಆದರೆ ಬಡವನಿಗೆ ಅಲ್ಲಿನ ಸುಖದ ಐದರಲ್ಲೊಂದು, ಹತ್ತರಲ್ಲೊಂದು ಪಾಲಾದರೂ ಸಿಗುತ್ತಿದೆಯೇ ಎಂಬುದು ಗಾಂಧೀಜಿಯ ಪ್ರಶ್ನೆಯಾಗಿತ್ತು. ಹೆಸರು ತಿಳಿಯದ ಆ ಮೇಮನ್ ವ್ಯಾಪಾರಿಯನ್ನು ನಾವು ನೆನೆಯಬೇಕು. ಎಲ್ಲರೂ ಸುಮ್ಮನೆ ಒತ್ತಿಕೊಂಡು ನಿಂತಿದ್ದಾಗ ಅವರು ಬಾಯಿ ಬಿಟ್ಟು ಕೇಳಿದ್ದರು.

ಅದೇ ವರ್ಷದ ಇನ್ನೊಂದು ಪ್ರಸಂಗ ಗಾಂಧೀಜಿಯ ಆತ್ಮಕಥೆಯಲ್ಲಿದೆ. ಕರಾರು ಕೂಲಿ ಪದ್ಧತಿಯ ವಿರುದ್ಧದ ಸಭೆಗೆ ಕರಾಚಿಯಿಂದ ಕಲ್ಕತ್ತೆಗೆ ಹೊರಟಿದ್ದ ಅವರಿಗೆ ಲಾಹೋರಿನಲ್ಲಿ ಗಾಡಿ ಬದಲಿಸಬೇಕಿತ್ತು. ಬಾಗಿಲಿನಲ್ಲಿ ಕಾಲಿಡಲು ಜಾಗವಿಲ್ಲ. ಹನ್ನೆರಡು ಆಣೆ ಕೊಟ್ಟರೆ ಜಾಗ ಮಾಡಿಕೊಡುತ್ತೇನೆ ಎಂದ ಒಬ್ಬ ಕೂಲಿ ಅವರನ್ನು ಕಿಟಕಿಯಿಂದ ಒಳಕ್ಕೆ ತಳ್ಳಿದ! ಒಳಗೂ ಕೂರಲು ಜಾಗವಿರಲಿಲ್ಲ. ಕೊನೆಗೆ ಹೆಸರು ಕೇಳಿ ತಿಳಿದ ಮೇಲೆ ಜನ ನಾಚಿ ಜಾಗ ಬಿಟ್ಟರು. ಗಾಳಿಗೆಂದು ಮಾಡಿದ ಕಿಟಕಿ ಬಡವರ ಪಾಲಿಗೆ ಬಾಗಿಲೂ ಆಗಿತ್ತು. ಕಿಟಕಿಗೆ ಅಡ್ಡ ಸರಳುಗಳು ಬಂದಾಗ ಈ ದಾರಿ ಮುಚ್ಚಿತು. ಕಳ್ಳರ ಕೈ ತಡೆದ ಸರಳುಗಳೇ, ಅಪಘಾತವಾದಾಗ ಒಳಗಿದ್ದವರ ಹಾದಿಯನ್ನೂ ತಡೆದವು. ಅದಕ್ಕೆ ಪರಿಹಾರವಾಗಿ ಕೆಂಪು ಗುರುತಿನ ತುರ್ತು ಕಿಟಕಿಗಳನ್ನು ಇಡಬೇಕಾಯಿತು.

ವಿಮಾನದ ಕಾರ್ಖಾನೆಯಲ್ಲಿ ರೈಲಿನ ಬೋಗಿ

ಮೂರನೇ ದರ್ಜೆಯ ಬೋಗಿಯನ್ನು ಬದಲಿಸುವ ಕೆಲಸದಲ್ಲಿ ಬೆಂಗಳೂರಿಗೂ ಒಂದು ಪಾಲಿದೆ ಎಂಬುದು ಹಲವರಿಗೆ ತಿಳಿದಿಲ್ಲ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಕಾರದಿಂದ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿ ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಯುದ್ಧಕಾಲದಲ್ಲಿ ಅಲ್ಲಿ ವಿಮಾನಗಳ ದುರಸ್ತಿ ಹಗಲಿರುಳು ನಡೆಯಿತು. ಯುದ್ಧ ಮುಗಿದ ಮೇಲೆ ಕೆಲಸ ಕಡಿಮೆಯಾಯಿತು. ತಗಡು ಬಗ್ಗಿಸುವ, ರಿವೆಟ್ ಹೊಡೆಯುವ ನುರಿತ ಕೈಗಳು ಸುಮ್ಮನೆ ಕೂರಬೇಕೇ? ಸ್ವಾತಂತ್ರ್ಯ ಬಂದ ಹೊಸತರಲ್ಲಿ ಆ ಕೈಗಳು ಬಸ್ಸಿನ ಮೈ ಕಟ್ಟಿದವು, ಮೂರನೇ ದರ್ಜೆಯ ಲೋಹದ ರೈಲುಬೋಗಿಗಳನ್ನು ಕಟ್ಟಿದವು. ಆಕಾಶದ ಯಂತ್ರಕ್ಕೆ ತಯಾರಾದ ಕೌಶಲ ನೆಲದ ಮೇಲಿನ ಬಡವನ ಗಾಡಿಗೆ ಬಂದದ್ದು ಆ ಕಾಲದ ಆಶೆಗಳನ್ನು ಹೇಳುತ್ತದೆ. ಈ ಬೋಗಿ ವಿಭಾಗವೇ ಮುಂದೆ, 1964ರಲ್ಲಿ ಹುಟ್ಟಿದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯ ಭಾಗವಾಯಿತು.

ಅಷ್ಟರಲ್ಲಿ ಮದರಾಸಿನ ಪೆರಂಬೂರಿನಲ್ಲಿ 1955ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನವೇ, ಸ್ವಿಟ್ಜರ್‌ಲ್ಯಾಂಡಿನ ತಂತ್ರಜ್ಞಾನದೊಂದಿಗೆ ದೊಡ್ಡ ಬೋಗಿ ಕಾರ್ಖಾನೆ ಉದ್ಘಾಟನೆಯಾಯಿತು. ಮುಂದಿನ ಆರು ದಶಕ ನಾವು ನೀವೆಲ್ಲ ಪ್ರಯಾಣ ಮಾಡಿದ ಬೋಗಿ ಬಹುಪಾಲು ಇಲ್ಲಿನ ಮಾದರಿಯದು. ಅದರಲ್ಲಿ ಗಾಜಿನದೊಂದು, ಪಟ್ಟಿಯದೊಂದು ಎಂದು ಎರಡು ಪದರದ ಕಿಟಕಿ ಸಾಮಾನ್ಯರಿಗೂ ಸಿಕ್ಕಿತು. ಎರಡೂ ಮೇಲಕ್ಕೆ ಎತ್ತುವಂಥವು. ಎತ್ತಿದ್ದನ್ನು ಹಿಡಿದಿಡುವ ಸಾಧನಕ್ಕೆ ರೈಲ್ವೆಯವರ ಹೆಸರು 'ಸೇಫ್ಟಿ ಕ್ಯಾಚ್'. ಹೆಸರಿನಲ್ಲೇ ಅದರ ಜವಾಬ್ದಾರಿ ಇದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಇಂಗ್ಲೆಂಡಿನ ಗಾಜು ಕೆಳಕ್ಕೆ ಇಳಿದು ತೆರೆಯುವಂಥದ್ದು. ಅಲ್ಲಿ ಪಟ್ಟಿ ಜಾರಿದರೆ ಕಿಟಕಿ ತೆರೆದುಕೊಳ್ಳುತ್ತದೆ, ಚಳಿ ಆಗುತ್ತದೆ, ಅಷ್ಟೇ. ಮೇಲಕ್ಕೆ ಎತ್ತುವ ಕಿಟಕಿಯ ಕ್ಯಾಚ್ ಸವೆದಿದ್ದರೆ ಭಾರವಾದ ಕಿಟಕಿ ದಡಕ್ಕನೆ ಬೀಳುತ್ತದೆ. ಸರಳು ಹಿಡಿದು ಹೊರಗೆ ನೋಡುವ ಮಗುವಿನ ಬೆರಳು ಅಲ್ಲೇ ಇರುತ್ತದೆ. 'ಕೈ ಹೊರಗೆ ಹಾಕಬೇಡ' ಎಂಬ ಅಮ್ಮಂದಿರ ಎಚ್ಚರಿಕೆಯ ಹಿಂದೆ ಕಂಬದ ಭಯಕ್ಕಿಂತ ಕಿಟಕಿಯ ಭಯವೇ ಹೆಚ್ಚಾಗಿತ್ತೇನೋ! ಕೆಲವರು ಮಡಿಸಿದ ಪತ್ರಿಕೆಯನ್ನೋ, ಚಪ್ಪಲಿಯನ್ನೋ, ನೀರಿನ ಬಾಟಲಿಯನ್ನೋ ಕಿಟಕಿಯಡಿ ಸಿಕ್ಕಿಸಿ ಕೂರುತ್ತಿದ್ದರು. ಕಾರ್ಖಾನೆ ಕೊಟ್ಟ ಕ್ಯಾಚ್ ಕೈಕೊಟ್ಟಾಗ ಪ್ರಯಾಣಿಕ ತಾನೇ ಕಂಡುಕೊಂಡ ಕ್ಯಾಚ್ ಅದು.

ಎರಡು ಬದಿಯನ್ನೂ ಒಟ್ಟಿಗೆ ಒತ್ತಿ ಎತ್ತಬೇಕಾದ್ದರಿಂದ ಮಕ್ಕಳಿಗೆ, ಮುದುಕರಿಗೆ ಅದು ಆಗದ ಕೆಲಸ. "ಅಣ್ಣಾ, ಸ್ವಲ್ಪ ಕಿಟಕಿ ಎತ್ತಿಕೊಡಪ್ಪ" ಎಂಬ ಮಾತಿನಿಂದಲೇ ಎಷ್ಟೋ ಪರಿಚಯಗಳು ಶುರುವಾಗುತ್ತಿದ್ದವು. ಎತ್ತಿಕೊಟ್ಟವನ ಜಾತಿ ಯಾವುದು, ಧರ್ಮ ಯಾವುದು ಎಂದು ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಬುತ್ತಿ ಬಿಚ್ಚಿಕೊಳ್ಳುತ್ತಿತ್ತು. ಗಾಳಿಯ ವಿಷಯದಲ್ಲಿ ಜಗಳವೂ ಇತ್ತು ನಿಜ. ಒಬ್ಬರಿಗೆ ಸೆಖೆ, ಇನ್ನೊಬ್ಬರಿಗೆ ಶೀತ. ಆದರೆ ಜಗಳವಾಡಿ ಇತ್ಯರ್ಥ ಮಾಡಿಕೊಳ್ಳುವುದೂ ಒಂದು ಬಗೆಯ ಸಹಬಾಳ್ವೆಯೇ.

ಮೂರನೇ ದರ್ಜೆ ಎಂಬ ಹೆಸರು 1974ರಲ್ಲಿ ಹೋಯಿತು. ಬೆಂಗಳೂರಿನವರಾದ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಸಚಿವರಾಗಿದ್ದಾಗ, 1992ರಲ್ಲಿ, ದೇಶದ ಹಳಿಗಳನ್ನೆಲ್ಲ ಬ್ರಾಡ್‌ಗೇಜ್ ಮಾಡುವ ಯೋಜನೆಗೆ ವೇಗ ಬಂತು. ಮೈಸೂರಿನ ಹಾದಿಯೂ ಆ ದಶಕದಲ್ಲಿ ಬದಲಾಯಿತು. ಮೀಟರ್ ಗೇಜ್‌ನ ಹಳೆಯ ಬೋಗಿಗಳು ಹರಾಜಾದವು. ಎಸ್.ಜೆ.ಪಿ. ರಸ್ತೆಯಲ್ಲಿ ನನಗೆ ಸಿಕ್ಕ ಖಟಕಾ ಅಂಥ ಯಾವುದೋ ಬೋಗಿಯ ಪಳೆಯುಳಿಕೆ ಇರಬೇಕು.

ತೆರೆಯದ ಕಿಟಕಿ

ಪೆರಂಬೂರಿನ ಹಳೆಯ ಮಾದರಿಯ ಬೋಗಿ ತಯಾರಿ 2018ರ ಜನವರಿಯಲ್ಲಿ ನಿಂತಿತು. ಈಗ ಬರುತ್ತಿರುವ ಹೊಸ ಬೋಗಿಗಳು ಹೆಚ್ಚು ಭದ್ರ, ಹಳಿ ತಪ್ಪಿದರೂ ಒಂದರ ಮೇಲೊಂದು ಏರುವುದು ಕಡಿಮೆ. ಇದು ಒಪ್ಪಬೇಕಾದ ಮಾತು. ಆದರೆ ಜೊತೆಜೊತೆಗೇ ಹವಾನಿಯಂತ್ರಿತ ಬೋಗಿಗಳು ಹೆಚ್ಚುತ್ತಾ ಹೋದವು. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಮೂಲಕ ಓಡತೊಡಗಿದ ಚೆನ್ನೈ–ಮೈಸೂರು ವಂದೇ ಭಾರತ್ ರೈಲಿನ ಕಿಟಕಿಗಳು ದೊಡ್ಡವು, ಸ್ವಚ್ಛ, ಸುಂದರ. ತೆರೆಯುವುದಿಲ್ಲ. ವಿಶ್ವೇಶ್ವರಪುರಂನ ಜನ ಲಾಲ್‌ಬಾಗ್ ಅಥವಾ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹತ್ತುವ ಮೆಟ್ರೊ ಗಾಡಿಯ ಕಿಟಕಿಯೂ ತೆರೆಯುವುದಿಲ್ಲ.

ತಂಪು ಬೇಡ ಎನ್ನುವವರಾರು? ಅಂದು ದೊರೆಗಳಿಗಷ್ಟೇ ಇದ್ದ ಲಾವಂಚದ ತಂಪು ಇಂದು ಮಧ್ಯಮ ವರ್ಗಕ್ಕೂ ಸಿಕ್ಕಿದೆ. ಆದರೆ ತೆರೆಯದ ಕಿಟಕಿಗೆ ಒಂದು ಬೆಲೆಯಿದೆ. 2013ರ ಡಿಸೆಂಬರ್ 28ರ ಬೆಳಗಿನ ಜಾವ, ಬೆಂಗಳೂರಿನಿಂದ ಹೊರಟಿದ್ದ ನಾಂದೇಡ್ ಎಕ್ಸ್‌ಪ್ರೆಸ್‌ನ ಹವಾನಿಯಂತ್ರಿತ ಬೋಗಿಗೆ ಆಂಧ್ರದ ಕೊತ್ತಚೆರುವು ಬಳಿ ಬೆಂಕಿ ಹೊತ್ತಿತು. ಮಲಗಿದ್ದವರು ಎಚ್ಚರಗೊಳ್ಳುವಷ್ಟರಲ್ಲಿ ಹೊಗೆ ತುಂಬಿತ್ತು. ಕೆಲವರು ಗಾಜು ಒಡೆದು ಹೊರಬಿದ್ದರು. 26 ಮಂದಿ ಬರಲಿಲ್ಲ. ಒತ್ತಿದರೆ ತೆರೆಯುವ ಕಿಟಕಿಯಿದ್ದಿದ್ದರೆ ಎಲ್ಲರೂ ಬದುಕುತ್ತಿದ್ದರು ಎನ್ನುವುದು ಸುಲಭದ ಮಾತಾದೀತು. ಆದರೆ ಗಾಳಿಯ ಮೇಲಿನ ಹತೋಟಿಯನ್ನು ಪ್ರಯಾಣಿಕನ ಕೈಯಿಂದ ತೆಗೆದುಕೊಂಡ ಮೇಲೆ, ಅವನ ಉಸಿರಿನ ಹೊಣೆಯನ್ನೂ ಪೂರ್ತಿಯಾಗಿ ಹೊರಬೇಕಾಗುತ್ತದೆ ಎಂಬುದನ್ನು ಆ ರಾತ್ರಿ ಹೇಳಿತು.

2020ರಲ್ಲಿ ಕೊರೊನಾ ಬಂದಾಗ ಕಿಟಕಿ ತೆರೆದಿಡಿ, ಗಾಳಿಯಾಡಲಿ ಎಂದು ವೈದ್ಯರು ಹೇಳತೊಡಗಿದರು. ಪ್ಲೇಗಿನ ಕಾಲದ ಪಾಠವನ್ನು ಊರು ಮತ್ತೊಮ್ಮೆ ಕಲಿಯಿತು. ಆ ಮೇ ತಿಂಗಳಲ್ಲಿ ಚಿಕ್ಕಬಾಣಾವರ, ಮಾಲೂರು ನಿಲ್ದಾಣಗಳಿಂದ ಶ್ರಮಿಕ್ ರೈಲುಗಳು ಹೊರಟವು. ನಮ್ಮ ಮನೆ, ಮಾಲು, ಮೆಟ್ರೊಗಳನ್ನು ಕಟ್ಟಿದ ಕೈಗಳು ಆ ಗಾಡಿಗಳ ಕಿಟಕಿಯ ಸರಳುಗಳನ್ನು ಹಿಡಿದಿದ್ದವು.

ಬಯ್ಯಪ್ಪನಹಳ್ಳಿಯಲ್ಲಿ 2022ರ ಜೂನ್‌ನಲ್ಲಿ ಹೊಸ ನಿಲ್ದಾಣ ಶುರುವಾಯಿತು. ಅದಕ್ಕೂ ವಿಶ್ವೇಶ್ವರಯ್ಯನವರದೇ ಹೆಸರು. ನಿಲ್ದಾಣದ ಕಟ್ಟಡ ಪೂರ್ತಿ ಹವಾನಿಯಂತ್ರಿತ. 2023ರ ಡಿಸೆಂಬರ್ 30ರಂದು ಚಾಲನೆ ಪಡೆದ ಬಂಗಾಳದ ಮಾಲ್ದಾ–ಬೆಂಗಳೂರು ಅಮೃತ್ ಭಾರತ್ ರೈಲು ಇದೇ ನಿಲ್ದಾಣಕ್ಕೆ ಬರುತ್ತದೆ. ಆ ಗಾಡಿಗೆ ಹವಾನಿಯಂತ್ರಣವಿಲ್ಲ. ಕೂಲಿಗಾಗಿ ಎರಡು ಸಾವಿರ ಕಿಲೋಮೀಟರಿಗೂ ದೂರದಿಂದ ಬರುವವರು ಅದರಿಂದ ಇಳಿಯುತ್ತಾರೆ. ಇಳಿದು ತಣ್ಣನೆಯ ನಿಲ್ದಾಣದಲ್ಲಿ ಕೆಲವು ನಿಮಿಷ ನಡೆದು ಮತ್ತೆ ಬಿಸಿಲಿಗೆ ಹೋಗುತ್ತಾರೆ. ಕಟ್ಟಡಕ್ಕೆ ಸಿಕ್ಕ ತಂಪು ಮನುಷ್ಯನಿಗೆ ಇನ್ನೂ ಸಿಗಬೇಕಿದೆ. ಅಲ್ಲಿಯವರೆಗೆ ಅವರ ಪಾಲಿಗೆ ಉಳಿದಿರುವುದು ತೆರೆದ ಕಿಟಕಿಯೊಂದೇ. ಅದಾದರೂ ಸರಿಯಾಗಿ ತೆರೆಯಲಿ, ತೆರೆದದ್ದು ನಿಲ್ಲಲಿ, ಮಗುವಿನ ಬೆರಳಿನ ಮೇಲೆ ಬೀಳದಿರಲಿ. ಇದು ದೊಡ್ಡ ಬೇಡಿಕೆಯಲ್ಲ. ಅಂಗೈಯಗಲದ ಒಂದು ಕ್ಯಾಚ್, ಅದರೊಳಗೊಂದು ಗಟ್ಟಿ ಸ್ಪ್ರಿಂಗ್, ವರ್ಷಕ್ಕೊಮ್ಮೆ ಅದನ್ನು ನೋಡುವ ಒಬ್ಬ ಕೆಲಸಗಾರ.

ನನ್ನ ಮೇಜಿನ ಮೇಲಿನ ಖಟಕಾವನ್ನು ಮನೆಗೆ ಬರುವ ಮಕ್ಕಳು ಎತ್ತಿಕೊಂಡು ಒತ್ತಿ ನೋಡುತ್ತಾರೆ. ಇದೇನು ಎಂದು ಕೇಳುತ್ತಾರೆ. ರೈಲಿನ ಕಿಟಕಿಯದು ಎಂದರೆ, "ರೈಲಿನ ಕಿಟಕಿ ತೆಗೀಬಹುದಾ?" ಎಂದು ಕಣ್ಣರಳಿಸುತ್ತಾರೆ. ತೆಗೆಯಬಹುದಿತ್ತು ಮಕ್ಕಳೇ, ಕೆಲವು ಗಾಡಿಗಳಲ್ಲಿ ಈಗಲೂ ತೆಗೆಯಬಹುದು ಎನ್ನುತ್ತೇನೆ. ನಂಬಿಕೆ ಬಾರದೆ ಅವರು ಮತ್ತೊಮ್ಮೆ ಒತ್ತುತ್ತಾರೆ. ಖಟ್!